ಗುಂಡಿಯ ಬಾಯಿಗೆ ಅಡ್ಡ ಕೂತ ಬೆಂಚು

ನಾನು ಒಂದು ಬೆಂಚು. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ರೈಲು ಹಳಿಯ ಅಡಿಯಿಂದ ಕಿತ್ತು ಬಿಸಾಕಿದ ಹಳೆಯ ಮರದ ದಿಮ್ಮಿಗಳಿಂದ. ನನ್ನನ್ನು ಕೊಯ್ಯುವಾಗ ಮಾನಪ್ಪ ಬಡಿಗೇರನ ಎರಡು ಗರಗಸ ಮುರಿದವು. ಮೂರನೆಯದನ್ನು ಹಿಡಿದು ಅವನು ನನ್ನ ವಂಶವನ್ನೇ ಬೈದ. ಹಾಗೆ ಬೈಸಿಕೊಂಡೇ ಒಂದು ಚರ್ಚಿಗೆ ಬಂದೆ. ಬಾಗಿಲ ಪಕ್ಕ, ಫ್ಯಾನಿನ ಗಾಳಿ ತಲುಪದ ಕಡೆ ನನಗೆ ಜಾಗ ಸಿಕ್ಕಿತು.

ನನ್ನ ಮೇಲೆ ಕೂರುತ್ತಿದ್ದವರು ಊರಿನ ಗಟಾರ ಬಳಿಯುವ ಮನೆಯವರು. ಅಲ್ಲೇ ಕೂರಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬೇರೆ ಕಡೆ ಕೂತರೆ ಪಕ್ಕದವರು ಸೀರೆ ಸರಿಮಾಡಿಕೊಳ್ಳುವ ನೆಪದಲ್ಲಿ ಒಂದು ಮೊಳ ದೂರ ಸರಿಯುತ್ತಿದ್ದರು, ಅಷ್ಟೆ. ಬೆಂಚಿಗೆ ಕಣ್ಣಿಲ್ಲ ಅಂದುಕೊಂಡಿದ್ದರು.

ಯಾಕೋಬಪ್ಪ ಮತ್ತು ಅವನ ಹೆಂಡತಿ ದೋರ್ಕವ್ವ ಇಪ್ಪತ್ತು ವರ್ಷ ನನ್ನ ಮೇಲೆ ಕೂತರು. ಯಾಕೋಬಪ್ಪ ಹಾಡಿದರೆ ನನ್ನ ಹಲಗೆ ಅದುರುತ್ತಿತ್ತು. ದೋರ್ಕವ್ವ ಹಾಡುವುದಕ್ಕಿಂತ ಸುತ್ತ ನೋಡುವುದೇ ಹೆಚ್ಚು.

ಪ್ರತಿ ವರ್ಷ ಸುಗ್ಗಿ ಹಬ್ಬದ ಹಿಂದಿನ ಭಾನುವಾರ ಚರ್ಚಿನ ಹಿರಿಯರಾದ ಆನಂದಮಿತ್ರ ಮಾಸ್ತರರು ಸೇವೆಯ ಪಟ್ಟಿ ಓದುತ್ತಿದ್ದರು. ಹೂವಿನ ಸೇವೆ ಇಂಥವರು, ಹಾಡಿನ ಸೇವೆ ಇಂಥವರು. ಕೊನೆಗೆ, "ಸ್ವಚ್ಛತೆಯ ಸೇವೆ, ನಮ್ಮ ಸಹೋದರ ಯಾಕೋಬಪ್ಪ." ಸಹೋದರನಂತೆ! ಸ್ವಚ್ಛತೆ ಅಂದರೆ ಹಿತ್ತಲಿನ ಪಾಯಖಾನೆಯ ಗುಂಡಿಗೆ ಇಳಿದು ಬಕೆಟ್ಟಿನಲ್ಲಿ ಮೊಗೆಯುವುದು. ಹೂವಿನವರ ಹೆಸರು ವರ್ಷವರ್ಷ ಬದಲಾಗುತ್ತಿತ್ತು. ಅವನದು ಬದಲಾಗಲಿಲ್ಲ. ಅದನ್ನು ಅವನು ಗೌರವ ಅಂದುಕೊಂಡಿದ್ದ. ನನಗೆ ಮೈಯೆಲ್ಲ ಉರಿಯುತ್ತಿದ್ದದ್ದು ಅದಕ್ಕೇ.

ಒಂದು ವರ್ಷ ಗುಂಡಿಯ ವಿಷಗಾಳಿ ಕುಡಿದು ಅವನು ಒಳಗೇ ಕುಸಿದ. ಸೊಂಟಕ್ಕೆ ಹಗ್ಗ ಇದ್ದದ್ದರಿಂದ ಉಳಿದ. ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದ. ಮರುವರ್ಷದ ಪಟ್ಟಿಯಲ್ಲಿ ಮತ್ತೆ ಅವನದೇ ಹೆಸರು! ಅದನ್ನು ಕೇಳಿದಾಗ ದೋರ್ಕವ್ವನ ಉಗುರುಗಳು ನನ್ನ ಹಲಗೆಗೆ ನಾಟಿದವು.

ಹಬ್ಬದ ಹಿಂದಿನ ಶನಿವಾರ ಬೆಳಿಗ್ಗೆ ಗಂಡನಿಗಿಂತ ಮೊದಲೇ ಅವಳು ಬಂದಳು. ನನ್ನ ಒಂದು ತುದಿ ಹಿಡಿದು ಎಳೆದಳು. ನಾಲ್ಕು ಗಂಡಸರು ಹೊರುವಷ್ಟು ಭಾರ ನಾನು. ಎಳೆದಳು, ನಿಂತು ಏದುಸಿರು ಬಿಟ್ಟಳು, ಮತ್ತೆ ಎಳೆದಳು. ಹಿತ್ತಲಿಗೆ ತಂದು ಗುಂಡಿಯ ಮುಚ್ಚಳಕ್ಕೆ ಅಡ್ಡ ಇಟ್ಟು ಮೇಲೆ ಕೂತುಬಿಟ್ಟಳು.

ಬಕೆಟ್ಟು, ಹಗ್ಗ ಹಿಡಿದು ಬಂದ ಯಾಕೋಬಪ್ಪ ಗಾಬರಿಯಾದ. "ಏಳ, ಮಾನಾ ಕಳೀಬ್ಯಾಡ. ದೇವರ ಕೆಲಸ ಐತಿ ಇದು."

"ದೇವರು ಬಂದು ಹೇಳ್ಯಾನೋ, ಮಾಸ್ತರ ಹೇಳ್ಯಾರೋ?"

ಅಷ್ಟರಲ್ಲಿ ಮಾಸ್ತರರೇ ಬಂದರು. ಮೊದಲು ನಕ್ಕರು. "ದೋರ್ಕವ್ವಾ, ಇದೇನ ಹುಡುಗಾಟ? ಕರ್ತನೇ ತನ್ನ ಶಿಷ್ಯರ ಕಾಲು ತೊಳದ. ಸೇವಾ ಅಂದ್ರ ಹಂಗಿರಬೇಕು ನೋಡು."

"ಖರೇ ರೀ ಮಾಸ್ತರ. ಆದ್ರ ತೊಳದಾವ ಗುರು, ಶಿಷ್ಯರಲ್ಲ. ಇಲ್ಲೆ ಹಿರೇರು ನೀವು. ಇಳೀರಿ. ಹಗ್ಗ ನಾ ಹಿಡೀತೀನಿ."

ಮಾಸ್ತರರ ನಗು ಅಲ್ಲೇ ಒಣಗಿತು.

ಮಾಸ್ತರರ ಹೆಂಡತಿ ಸುಗುಣಾಬಾಯಿ ಚೆಂಡುಹೂವಿನ ಬುಟ್ಟಿ ಹೊತ್ತು ಅತ್ತ ಬಂದವರು ಎಲ್ಲವನ್ನೂ ಕೇಳಿಸಿಕೊಂಡರು. "ಸರಕೋ ಬೇ, ಮೊಣಕಾಲ ಹಿಡದಾವ," ಎಂದು ದೋರ್ಕವ್ವನಿಗೆ ಅಂಟಿಕೊಂಡೇ ಕೂತರು.

"ಏ, ನೀ ಏಳ!" ಎಂದರು ಮಾಸ್ತರರು.

"ಏಳಂಗಿಲ್ರಿ. ಹೋದ ವರ್ಷ ಅವನ್ನ ಎತ್ತಿ ಗಾಡ್ಯಾಗ ಹಾಕೂದು ಕಣ್ಣಾರೆ ನೋಡೇನಿ. ಹಬ್ಬದ ಊಟ ನನ್ನ ಗಂಟಲದಾಗ ಇಳೀಲಿಲ್ಲ. ಗುಂಡಿ ಬಳಿಯೂ ಮಷಿನ್ನಿಗೆ ಫೋನ್ ಮಾಡ್ರಿ. ಇಲ್ಲಾಂದ್ರ ನಾಳೆ ಬಂದವರಿಗೆಲ್ಲಾ ಒಂದೊಂದು ತಂಬಗಿ ನೀರು ಕೊಟ್ಟು ಬಯಲಿಗೆ ಕಳಸ್ರಿ!"

ಅಲಂಕಾರಕ್ಕೆ ಬಂದಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾಸ್ತರರು ಜೇಬಿನಿಂದ ಫೋನು ತೆಗೆದರು.

ಮಧ್ಯಾಹ್ನ ಟ್ಯಾಂಕರ್ ಬಂತು. ನನ್ನನ್ನು ಪಕ್ಕಕ್ಕೆ ಸರಿಸಿ ದಪ್ಪ ಪೈಪು ಇಳಿಬಿಟ್ಟರು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಬರೀ ಅರ್ಧ ಗಂಟೆ! ಯಾಕೋಬಪ್ಪ ನನ್ನ ತುದಿಯಲ್ಲಿ ಕೂತು ನೋಡುತ್ತಿದ್ದ. ಕೈ ಎಲ್ಲಿಡಬೇಕೋ ತಿಳಿಯದೆ ತೊಡೆಯ ಮೇಲಿಟ್ಟುಕೊಂಡಿದ್ದ. ಆಮೇಲೆ ಆ ಯಂತ್ರದ ಗದ್ದಲದಲ್ಲೇ ಹೆಂಡತಿಯ ಹೆಗಲಿಗೆ ಒರಗಿ ನಿದ್ದೆಹೋದ, ಗೊರಕೆ ಹೊಡೆದ. ದೋರ್ಕವ್ವ ಅಲುಗಲಿಲ್ಲ. ಅವಳು ಬಿಟ್ಟ ಉಸಿರು ಎಷ್ಟು ಉದ್ದವಿತ್ತೆಂದರೆ, ಒಂದು ವರ್ಷದಿಂದ ಅದನ್ನು ಎದೆಯಲ್ಲೇ ಹಿಡಿದಿಟ್ಟಿದ್ದಳೇನೋ.

ಮುಂದಿನ ಪಟ್ಟಿಯಲ್ಲಿ ಯಾಕೋಬಪ್ಪನ ಹೆಸರು ಹಾಡಿನ ಸೇವೆಗೆ ಬಂತು. ಯಾರೂ ಅವನ ಕ್ಷಮೆ ಕೇಳಲಿಲ್ಲ. ಆದರೂ ನನಗೆ ನೆಮ್ಮದಿಯಾಯಿತು. ಅವನು ಬದುಕಿದ್ದಾನೆ, ಹಾಡುತ್ತಾನೆ. ಆ ದನಿ ಹಿತ್ತಲಿಗೂ ಕೇಳುತ್ತದೆ.

ನನ್ನನ್ನು ಮತ್ತೆ ಯಾರೂ ಒಳಗೆ ಒಯ್ಯಲಿಲ್ಲ. ಹಿತ್ತಲಲ್ಲೇ ನನ್ನ ಮುಪ್ಪು. ಒಂದು ಕಾಲಿಗೆ ಗೆದ್ದಲು ಹತ್ತಿದೆ. ಸುಗ್ಗಿ ಹಬ್ಬದ ಹಿಂದಿನ ದಿನ ದೋರ್ಕವ್ವ ತಪ್ಪದೆ ಬಂದು, ಟ್ಯಾಂಕರ್ ಕೆಲಸ ಮುಗಿಸಿ ಗೇಟು ದಾಟುವವರೆಗೂ ನನ್ನ ಮೇಲೆ ಕೂತಿರುತ್ತಾಳೆ. ಅವಳು ಇನ್ನೂ ಯಾರನ್ನೂ ನಂಬಿಲ್ಲ. ನಂಬುವುದೂ ಬೇಡ. ಇನ್ನೆಷ್ಟು ಹಬ್ಬ ಅವಳ ಭಾರ ತಡೆಯುತ್ತೇನೋ ಗೊತ್ತಿಲ್ಲ. ನಾನು ಮುರಿದುಬಿದ್ದರೆ ಅವಳು ಇನ್ನೊಂದು ಬೆಂಚು ಎಳೆದು ತರುತ್ತಾಳೆ. ಒಳಗೆ ಬೇಕಾದಷ್ಟಿವೆ.