ದೊಡ್ಡಿಯ ಬೋರು

ಗೋಪಮ್ಮನ ಅಂಗೈ ತುಂಬ ಜೋಳದ ಕಾಳಿನಂಥ ಗಂಟುಗಳೆದ್ದು ಎರಡು ವರ್ಷವಾಗಿತ್ತು. ಎದೆ, ಬೆನ್ನಿನ ಮೇಲೆಲ್ಲ ಕಪ್ಪು ಚುಕ್ಕೆ. ಪೋತ್ನಾಳದ ಕಡೆ ಭತ್ತದ ನಾಟಿಗೆ ಹೋದಾಗ ಗದ್ದೆಯ ಒಡತಿ ಅವಳಿಗೊಬ್ಬಳಿಗೇ ನೀರನ್ನು ಮೇಲಿಂದ ಬೊಗಸೆಗೆ ಸುರಿದಳು. ಮರುದಿನ ಟಂಟಂ ಬಂದು ಉಳಿದ ಹೆಂಗಸರನ್ನು ಹತ್ತಿಸಿಕೊಂಡು ಇವಳನ್ನು ಬಿಟ್ಟು ಹೋಯಿತು. ಕುಷ್ಠ ಎಂದು ಯಾರೂ ಮುಖದ ಮೇಲೆ ಹೇಳಲಿಲ್ಲ. ಆದರೆ ದೇವದುರ್ಗದ ಹತ್ತಿರ ಅವಳಿದ್ದ ದೊಡ್ಡಿಯ ಮೂವತ್ತು ಮನೆಯವರೂ ಹಾಗೇ ತಿಳಿದಿದ್ದರು.

ರಾಯಚೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ಕಲ್ಯಾಣಿ ರಜೆಗೆ ಬಂದವಳೇ ತಾಯಿಯ ಕೈ ನೋಡಿ, ಮರುದಿನವೇ ಬಸ್ಸು ಹತ್ತಿಸಿಕೊಂಡು ಹೋದಳು. ರಾಯಚೂರಿನ ಚರ್ಮದ ಡಾಕ್ಟರು ಅಂಗೈ ಒತ್ತಿ ನೋಡಿ, ಕುಡಿಯುವ ನೀರು ಎಲ್ಲಿಯದೆಂದು ಕೇಳಿದರು.

"ಬೋರಿಂದ್ರೀ. ಕೈಲೆ ಹೊಡಿಯೋ ಪಂಪು."

"ಇದು ಕುಷ್ಠ ಅಲ್ಲಮ್ಮ. ಯಾರಿಗೂ ಹತ್ತಂಗಿಲ್ಲ. ನೆಲದಾಗಿನ ಕಲ್ಲಿಂದ ನೀರಿಗೆ ಪಾಷಾಣ, ಅಂದ್ರ ಆರ್ಸೆನಿಕ್, ಇಳಿದಂಗ ಕಾಣ್ತದ. ಅದಕ್ಕ ಬಣ್ಣಿಲ್ಲ, ವಾಸನಿ ಇಲ್ಲ, ಕಾಸಿದ್ರೂ ಹೋಗಂಗಿಲ್ಲ. ನೀರು ಪರೀಕ್ಷಿ ಮಾಡಿಸ್ರಿ."

ಯಾರಿಗೂ ಹತ್ತಂಗಿಲ್ಲ. ಗೋಪಮ್ಮನಿಗೆ ಅತ್ತೆಯ ಕೈ ಕಣ್ಣಮುಂದೆ ಬಂತು. ಆಕೆಗೂ ಇವೇ ಗಂಟುಗಳು. ತಾಟು ಬೇರೆ ಇಟ್ಟವಳು, ಹಾಸಿಗೆಯನ್ನು ದನದ ಕೊಟ್ಟಿಗೆಗೆ ಎತ್ತಿ ಹಾಕಿದವಳು ಗೋಪಮ್ಮನೇ. ಮೂರು ವರ್ಷದ ಹಿಂದೆ ಮುದುಕಿ ಅಲ್ಲೇ ಸತ್ತಿತ್ತು.

ನೀರಿನ ಬಾಟಲಿ ಹಿಡಿದು ತಾಯಿ ಮಗಳು ದೇವದುರ್ಗದ ಕುಡಿಯುವ ನೀರಿನ ಕಚೇರಿಗೆ ಹೋದರು. ಎಂಜಿನಿಯರ್ ಬಾಟಲಿ ಮುಟ್ಟಲೇ ಇಲ್ಲ.

"ಆ ಬೋರು ಗೊತ್ತದಮ್ಮ. ಪಾಷಾಣ ಅದ ಅಂತ ನಾಕು ವರ್ಷದ ಹಿಂದೇ ರಿಪೋರ್ಟ್ ಬಂದದ."

"ನಮಗ್ಯಾಕ ಹೇಳಲಿಲ್ರೀ?" ಎಂದಳು ಕಲ್ಯಾಣಿ.

"ಹೇಳಿದ್ರ ಜನ ಗಾಬರಿ ಆಗ್ತಾರ. ಹೊಳಿ ನೀರಿನ ಪೈಪು ಬರೋದದ."

ಗೋಪಮ್ಮ ಮೇಜಿನ ಹತ್ತಿರ ಬಂದಳು. ಆದರೆ ದನಿ ಏರಿಸಲಿಲ್ಲ. "ನಮ್ಮತ್ತಿ ಕೊಟ್ಟಿಗ್ಯಾಗ ಸತ್ಳು, ಸಾಹೇಬ್ರ. ನಾನ ಹಾಕಿದ್ದೆ ಆಕೀನ್ನ ಅಲ್ಲಿ. ನಿಮ್ಮ ಕಾಗದ ನಮ್ಮ ಓಣಿಗೆ ಬಂದಿದ್ರ, ಆಕಿ ಮನಿಯಾಗ ಸಾಯ್ತಿದ್ಳು."

ಆತ ಫೈಲು ತಿರುವತೊಡಗಿದ.

ಅಲ್ಲಿಂದ ಅವಳು ನೇರ ಪಂಪು ರಿಪೇರಿಯ ಬಂದೇನವಾಜನ ಅಂಗಡಿಗೆ ಹೋದಳು. ಸಂಗತಿ ಕೇಳಿದ ಆತ ನಟ್ಟು ಬಿಚ್ಚುವ ಪಾನಾ ತಗೊಂಡು ಜೊತೆಗೇ ದೊಡ್ಡಿಗೆ ಬಂದು ಪಂಪಿನ ಹಿಡಿಕೆ ಬಿಚ್ಚಿ ಕೊಟ್ಟ. ಕೊಡ ಹಿಡಿದು ಬಂದ ಹೆಂಗಸರು ಅವಳ ಮೇಲೆ ಮುಗಿಬಿದ್ದರು. "ನೀರಿಗೆ ಎಲ್ಲಿಗೆ ಹೋಗೂನು ಬೇ?"

"ಮೊದಲು ನಿಮ್ಮ ಕೈ ತೋರಸ್ರಿ," ಎಂದು ಗೋಪಮ್ಮ ತನ್ನ ಅಂಗೈ ಚಾಚಿದಳು.

ಹನ್ನೊಂದು ಹೆಂಗಸರಲ್ಲಿ ಆರು ಮಂದಿಗೆ ಗಂಟು ಶುರುವಾಗಿತ್ತು. ಅವರೆಲ್ಲ ಅಷ್ಟು ದಿನ ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದರು.

ಮರುದಿನ ಬೆಳಗ್ಗೆ ಇಡೀ ದೊಡ್ಡಿಯೇ ಖಾಲಿ ಕೊಡ ಹೊತ್ತು ಕಚೇರಿಯ ಬಾಗಿಲಿಗೆ ಕೂತಿತು. ಎರಡು ದಿನ ಏಳಲಿಲ್ಲ. ಮೂರನೇ ದಿನ ಟ್ಯಾಂಕರ್ ಬಂತು. ಅದರ ಹಿಂದೆಯೇ ಪಂಚಾಯಿತಿ ಅಧಿಕಾರಿಯೂ ಬಂದ: ಸರ್ಕಾರಿ ಪಂಪು ಕೆಡಿಸಿದ್ದು ತಪ್ಪು, ಹಿಡಿಕೆ ಕೊಡು, ಇಲ್ಲವಾದರೆ ಕೇಸು.

"ಹಾಕ್ರಿ," ಎಂದಳು ಗೋಪಮ್ಮ. "ಆ ರಿಪೋರ್ಟಿನ ತಾರೀಖು ಕೋರ್ಟಿನ್ಯಾಗ ಓದಸೂನು."

ಕೇಸು ಬರಲಿಲ್ಲ. ಟ್ಯಾಂಕರ್ ದಿನ ಬಿಟ್ಟು ದಿನ ಬರುತ್ತದೆ, ಪೈಪು ಇನ್ನೂ ಬಂದಿಲ್ಲ. ಗೋಪಮ್ಮ ಪ್ರತಿ ಸೋಮವಾರ ಕೂಲಿ ಬಿಟ್ಟು ಆ ಎಂಜಿನಿಯರನ ಮುಂದೆ ಹೋಗಿ ನಿಲ್ಲುತ್ತಾಳೆ. ಆತ ಕೂಡ್ರು ಅಂದರೂ ಕೂರುವುದಿಲ್ಲ.