ಎಡಗೈ ಗವಸು

ಗವಸಿಗೆ ಹೆಬ್ಬೆರಳು ಕೂಡಿಸಿ ದಾರ ಕತ್ತರಿಸುವಾಗ ಸೊಸೆಗೆ ತಪ್ಪು ಕಂಡಿತು. ಎಡಗೈ ಗವಸಿಗೆಂದು ಕೂತವಳು ಮತ್ತೆ ಬಲಗೈಯದನ್ನೇ ಹೊಲಿದಿದ್ದಳು. ಬಿಚ್ಚಿ ಪ್ರಯೋಜನವಿಲ್ಲ, ಚರ್ಮಕ್ಕೆ ಬಿದ್ದ ತೂತು ಮುಚ್ಚುವುದಿಲ್ಲ. ಹೆಚ್ಚಿಗೆ ಇದ್ದ ತುಂಡು ಅದೊಂದೇ.

ಗೋಡೆಯಾಚೆ ಅತ್ತೆಯ ಹೆಣ. ಎತ್ತಲು ಇನ್ನೆರಡು ಗಂಟೆ. ಅಷ್ಟರೊಳಗೆ ಕಾರ್ಖಾನೆಯ ಮೇಸ್ತ್ರಿಯೂ ಗವಸಿನ ಚೀಲಕ್ಕೆ ಬರುತ್ತಾನೆ. ಪೇಟೆಯಲ್ಲಿ ವ್ಯಾಪಾರ ಬಿದ್ದಮೇಲೆ ಊರಲ್ಲಿ ಮೂರೇ ಮನೆಗೆ ಹೊಲಿಗೆ ಉಳಿದಿತ್ತು. ಒಮ್ಮೆ ಚೀಲ ತಪ್ಪಿದರೆ ಆ ಮನೆಯ ಬಾಗಿಲಿಗೆ ಅವನು ಮತ್ತೆ ಬರುವುದಿಲ್ಲ.

ಇಟ್ಟಿಗೆ ಗೂಡು ಮುಚ್ಚಿ ವರ್ಷದಿಂದ ಮನೆಯಲ್ಲೇ ಇದ್ದ ಗಂಡ ಇಣುಕಿದ. "ಇನ್ನೆಷ್ಟು?"

"ಎಡಗೈ ಮೂರು."

"ಜನ ನಿನ್ನ ಕೇಳ್ತಿದಾರೆ."

"ತಲೆಸುತ್ತು ಅನ್ನಿ."

*

ಹದಿನಾರು ವರ್ಷ ಅತ್ತೆ ಎಡಗೈ, ಸೊಸೆ ಬಲಗೈ. ಹೋದ ವರ್ಷ ಅತ್ತೆಗೆ ಕೆಮ್ಮು ಹತ್ತಿದಾಗ ಸೊಸೆ ಕೇಳಿದ್ದಳು: "ಎಡಗೈ ನನಗೂ ಹೇಳಿಕೊಡಿ ಅತ್ತೆ."

"ಎರಡೂ ಕಲಿತುಬಿಟ್ರೆ ನನಗೆ ಕೂಳು ಹಾಕ್ತೀಯೇನೇ?"

ನಗುತ್ತಲೇ ಅಂದಿದ್ದಳು. ಆ ಮಧ್ಯಾಹ್ನ ಮಾತ್ರ ಅರ್ಧ ಊಟಕ್ಕೇ ಎದ್ದು ಹೋಗಿ, ಮತ್ತೆರಡು ಗವಸು ಮುಗಿಸಿದ್ದಳು.

*

"ಅತ್ತೆ ಪಡಸಾಲೇಲಿ, ಸೊಸೆ ಸೂಜಿ ಮುಂದೆ. ಚೆನ್ನಾಗಿದೆ ಸಂಸಾರ!"

ಪಕ್ಕದ ಮನೆಯವಳು. ಅವಳ ಮನೆಯ ಹೊಲಿಗೆ ಹೋದ ತಿಂಗಳಷ್ಟೇ ನಿಂತಿತ್ತು. ಕೆಟ್ಟ ಗವಸನ್ನು ತಿರುವಿ ನೋಡಿದಳು.

"ಎರಡೂ ಬಲಗೈ ಇರೋ ಗಿರಾಕಿ ಎಲ್ಲಿ ಸಿಕ್ಕಿದನೇ ನಿಂಗೆ?"

ಪಕ್ಕದ ಮನೆಯವಳು ಅತ್ತೆಯ ಜಾಗದಲ್ಲಿ ಕೂತಳು.

"ಸರಿ, ದಾರ ಕೊಡು. ನಾನು ಹೊಲೀತೀನಿ."

"ಅಕ್ಕಾ, ಮೇಸ್ತ್ರಿಗೇನಾದ್ರೂ..."

"ಕೊಡೇ ಮೊದಲು. ಹೊತ್ತಾಗುತ್ತೆ."

ಯಾರು ಹೊಲಿದದ್ದೆಂದು ಗೊತ್ತಾದರೆ ಮುಂದಿನ ಚೀಲ ಪಕ್ಕದ ಮನೆಗೆ. ಸೊಸೆ ದಾರ ಕೊಟ್ಟಳು.

ಹೆಣ ಎತ್ತುವ ಮೊದಲೇ ಮೇಸ್ತ್ರಿ ಬಂದ. ಮುದುಕಿಯ ಕಾಲಬಳಿ ತಲೆತಗ್ಗಿಸಿ ನಿಂತು, ಆಮೇಲೆ ಚೀಲಕ್ಕೆ ಕೈಹಾಕಿದ. ಮೇಲಿದ್ದ ಎಡಗೈ ಗವಸು ತೊಟ್ಟು ಬೆರಳು ಮಡಚಿದ.

"ಇದು ಅಜ್ಜಿ ಹೊಲಿಗೆಯಲ್ಲ. ಅದಕ್ಕಿಂತ ಒಂದು ಕೈ ಮೇಲೇ ಇದೆ. ಯಾರದಮ್ಮಾ?"

ಪಕ್ಕದ ಮನೆಯವಳು ಬಾಗಿಲಲ್ಲೇ ನಿಂತಿದ್ದಳು.

"ನಂದೇ," ಎಂದಳು ಸೊಸೆ.

"ಹಾಗಾದ್ರೆ ಚಿಂತೆಯಿಲ್ಲ. ಸೋಮವಾರ ಚರ್ಮ ಕಳಿಸ್ತೀನಿ."

ಬೆಳಗಿನಿಂದ ಒಂದು ಹನಿ ಕಣ್ಣೀರೂ ಹಾಕದಿದ್ದ ಪಕ್ಕದ ಮನೆಯವಳು ಕುಸಿದು ಕೂತು ಗೋಳೋ ಎಂದು ಅತ್ತಳು. ಹೆಂಗಸರು ಅವಳನ್ನು ಸುತ್ತುವರಿದರು. "ಎಷ್ಟು ಹಚ್ಚಿಕೊಂಡಿದ್ಲು ನೋಡಿ ಪಾಪ, ಹೆತ್ತ ಮಗಳ ಹಾಗೆ!"

ಸೊಸೆ ನೀರಿನ ಲೋಟ ಚಾಚಿ ನಿಂತಳು. ಅವಳು ತೆಗೆದುಕೊಳ್ಳಲಿಲ್ಲ.