ತಂತಿಯ ಚುಕ್ಕೆ

ನನ್ನ ಭಾವ ಕ್ಯಾಪ್ಟನ್, ನಾನು ಅವನ ಕೈಕೆಳಗೆ ಹಡಗು ನಡೆಸುವ ಮೇಟ್. ಅಕ್ಕನ ಗಂಡ ಎಂಬ ಕಾರಣಕ್ಕೆ ನನಗೆ ರಿಯಾಯಿತಿಯೇನೂ ಇಲ್ಲ. ಬೈಗುಳ ಮಾತ್ರ ಬೇರೆಯವರಿಗಿಂತ ಒಂದು ಹಿಡಿ ಜಾಸ್ತಿ.

ಕೂತಲ್ಲಿ ಕೂರದ ಜೀವ ನನ್ನದು. ಆ ಬೆಳಿಗ್ಗೆಯಂತೂ ನದಿಯ ಮೇಲೆ ಮಂಜು ಕವಿದು ನಮ್ಮ ಹಡಗಿನ ಮೂತಿಯಾಚೆ ಏನೂ ಕಾಣುತ್ತಿರಲಿಲ್ಲ. ರೇಡಾರ್ ಪರದೆಯೊಂದೇ ಗತಿ. ಅದರ ಮೇಲೆ ಬಲಗಡೆಯಿಂದ ಒಂದು ಚುಕ್ಕೆ ನೇರವಾಗಿ ನಮ್ಮತ್ತಲೇ ಬರುತ್ತಿತ್ತು.

ಈ ದಾರಿಯಲ್ಲಿ ಓಡಾಡುವವರಿಗೆಲ್ಲ ಆ ಚುಕ್ಕೆ ಗೊತ್ತು. ಮುಂದೆ ನದಿಯ ಮೇಲೆ ಓರೆಯಾಗಿ ವಿದ್ಯುತ್ ತಂತಿ ಹಾದುಹೋಗಿದೆ. ರೇಡಾರಿಗೆ ಇಡೀ ತಂತಿ ಕಾಣುವುದಿಲ್ಲ. ನಮಗೆ ನೆಟ್ಟಗೆ ಎದುರಾಗುವ ಒಂದೇ ತುಣುಕು ಹೊಳೆಯುತ್ತದೆ. ನಾವು ಸಾಗಿದಂತೆ ಆ ಹೊಳಪೂ ಜರುಗುತ್ತದೆ, ಡಿಕ್ಕಿ ಹೊಡೆಯಲು ಬರುವ ಹಡಗಿನ ಹಾಗೆಯೇ. ಸುಳ್ಳೋ ನಿಜವೋ ತಿಳಿಯಲು ಇರುವುದು ಒಂದೇ ಪರೀಕ್ಷೆ. ನಾವು ನಿಂತರೆ ತಂತಿಯ ಚುಕ್ಕೆಯೂ ನಿಲ್ಲುತ್ತದೆ.

ಆದರೆ ನಿಲ್ಲುವುದು ಹುಡುಗಾಟವಲ್ಲ. ಸಮುದ್ರದ ಇಳಿತಕ್ಕೆ ನದಿಯ ನೀರೂ ಇಳಿಯುವ ಹೊತ್ತು, ತಡವಾದರೆ ಹಡಗು ಕೆಸರಿಗೆ ಕೂರುತ್ತದೆ. ಹಿಂದಿನ ಸಲ ಇದೇ ಚುಕ್ಕೆಗೆ ಹೆದರಿ ನಾನು ನಿಲ್ಲಿಸಿದ್ದೆ. ಮತ್ತೆ ನೀರು ಏರುವ ತನಕ ಎಲ್ಲರೂ ಕೆಸರಲ್ಲಿ ಕೂತು ನನ್ನ ಮುಖ ನೋಡಿದ್ದರು. ಅಡುಗೆಯವನು ಅಂದಿನಿಂದ ನನ್ನನ್ನು ತಂತಿರಾಯ ಎನ್ನುತ್ತಾನೆ. ಇನ್ನೊಮ್ಮೆ ಹಾಗೆ ಮಾಡಿದರೆ ಗಂಟುಮೂಟೆ ಕಟ್ಟಿಸುತ್ತೇನೆ, ನಿಮ್ಮಕ್ಕ ಬಂದು ಅತ್ತರೂ ಕೇಳುವುದಿಲ್ಲ ಎಂದು ಭಾವ ಹೇಳಿಯಾಗಿತ್ತು.

ಜನರನ್ನು ದಡ ದಾಟಿಸುವ ಲಾಂಚ್ ಏನಾದರೂ ಹೊರಟಿರಬಹುದೇ ಎಂದು ಕೇಳಿದೆ. ಇಂಥ ಮಂಜಿನಲ್ಲಿ ಲಾಂಚ್ ಬಿಡುವುದಿಲ್ಲ ಎಂಬುದು ನಿನಗೂ ಗೊತ್ತು, ಸುಮ್ಮನೆ ನಡೆಸು ಎಂದ ಭಾವ. ಗೊತ್ತಿತ್ತು. ಆದರೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಿಟಕಿ ಒರೆಸಿದೆ, ಪರದೆ ನೋಡಿದೆ, ಮತ್ತೆ ಕಿಟಕಿ ಒರೆಸಿದೆ. ತಂತಿಯೇ, ತಂತಿಯೇ ಎಂದು ಮನಸ್ಸಿಗೆ ಎಷ್ಟು ಹೇಳಿದರೂ ಕೈ ಕೇಳಲಿಲ್ಲ. ಎಂಜಿನ್ನಿನ ಹಿಡಿಯನ್ನು ಹಿಂದಕ್ಕೆ ಎಳೆದುಬಿಟ್ಟಿತು.

"ಮತ್ತೆ ಶುರು ಮಾಡ್ದೆಯಾ?" ಎನ್ನುತ್ತ ಭಾವ ಎದ್ದು ಬಂದ.

ಹಡಗು ನಿಂತಿತು. ಚುಕ್ಕೆಯೂ ನಿಂತಿತು. ಭಾವ ಪರದೆಯತ್ತ ಬೆರಳು ತೋರಿಸಿದ. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅವನು ತಾನೇ ಹಿಡಿಯನ್ನು ಮುಂದಕ್ಕೆ ತಳ್ಳಲು ಕೈ ಚಾಚಿದ.

ಆಗ ಚುಕ್ಕೆ ಎರಡಾಯಿತು. ಒಂದು ನಿಂತಲ್ಲೇ ನಿಂತಿತು. ಅದರ ಮರೆಯಲ್ಲಿದ್ದ ಇನ್ನೊಂದು ಬರುತ್ತಲೇ ಇತ್ತು. ನಾನು ಭಾವನ ಮಣಿಕಟ್ಟು ಹಿಡಿದೆ.

ಮಂಜಿನಿಂದ ಲಾಂಚ್ ಹೊರಬಂದು ನಮ್ಮ ಮೂತಿಯ ಮುಂದೆಯೇ ಅಡ್ಡ ಹಾದುಹೋಯಿತು. ಅದರ ಬಣ್ಣ ಎದ್ದಿದ್ದೂ ಕಾಣುವಷ್ಟು ಹತ್ತಿರ. ಬೆಂಚುಗಳ ತುಂಬ ಜನ. ಅಂಚಿನಲ್ಲಿ ಒಬ್ಬಾಕೆ ಮಗುವಿನ ಮೂಗು ಒರೆಸುತ್ತಿದ್ದಳು, ತಲೆ ಎತ್ತಲೂ ಇಲ್ಲ.

ಸ್ವಲ್ಪ ಹೊತ್ತಿಗೆ ನಮ್ಮ ತಳ ಕೆಸರಿಗೆ ತಾಗಿತು. ಭಾವ ಬೈಯಲಿಲ್ಲ. ಅವನ ಮಣಿಕಟ್ಟನ್ನು ನಾನಿನ್ನೂ ಬಿಟ್ಟಿರಲಿಲ್ಲ.

"ನಾನಾಗಿದ್ರೆ ನಿಲ್ಲಿಸ್ತಿರ್ಲಿಲ್ಲ ಕಣೋ," ಅಂದ.